ಕಿವಿ ಬಿಸಿಯಾಗುವವರೆಗೆ

ಮೊಲದಕ್ಕನ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಅಂಗುಲ ಚರ್ಮವೂ ನೆಟ್ಟಗಿರಲಿಲ್ಲ. ಗೀರಿನ ಮೇಲೆ ಗೀರು. ಹಳೆಯವು ಬೆಳ್ಳಗೆ, ಹೊಸವು ಕೆಂಪಗೆ. ಬೀದಿಯ ಕೊಳಾಯಿಗೆ ಹೊಸದಾಗಿ ಬಂದ ಹೆಂಗಸರು ಅದನ್ನು ನೋಡಿ, ಗಂಡನ ಕೆಲಸವಿರಬೇಕು ಎಂದು ಲೊಚಗುಟ್ಟುತ್ತಿದ್ದರು.

"ಗಂಡಂದು ಒಳಗಡೆ ಇದೆ ಕಣ್ರೇ, ಕಾಣಲ್ಲ. ಇದು ಮೊಲದ್ದು," ಎಂದು ಆಕೆ ಬಕೆಟ್ಟು ಎತ್ತಿಕೊಂಡು ಹೊರಟುಬಿಡುತ್ತಿದ್ದಳು.

ಒಳಗಡೆ ಇದ್ದದ್ದೂ ನಿಜವೇ. ಲಾರಿ ಓಡಿಸುತ್ತಿದ್ದ ಆ ಮನುಷ್ಯ ಬದುಕಿರುವಷ್ಟು ಕಾಲವೂ ಆಕೆಯನ್ನು ಬಡಿದ. ಕೈಗೆ ಸಿಕ್ಕಿದ್ದರಲ್ಲಿ ಬಡಿದ. ಬೆಲ್ಟು, ಸ್ಪ್ಯಾನರು, ಕುಕ್ಕರಿನ ಮುಚ್ಚಳ, ಯಾವುದಾದರೂ ಸರಿ. ಒಮ್ಮೆ ಆಕೆಯ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಹಾಕಿದ. ಎಡಗಡೆಯ ಹೆಗಲೆಲುಬು ಮುರಿದು ತನ್ನಷ್ಟಕ್ಕೆ ತಾನೇ ಸೊಟ್ಟಗೆ ಕೂಡಿಕೊಂಡಿತ್ತು. ಕೆಳದವಡೆಯ ಹಲ್ಲುಗಳು ರಕ್ತದ ಜೊತೆ ಬಚ್ಚಲಲ್ಲಿ ಹರಿದುಹೋಗಿದ್ದವು. ಆಕೆ ಮಾತ್ರ ಒಂದು ದಿನವೂ ಕೂಗಲಿಲ್ಲ. ಕೂಗಿದರೆ ಇನ್ನೂ ನಾಲ್ಕು ಹೆಚ್ಚು ಬೀಳುತ್ತಿದ್ದವು, ಮೇಲಿಂದ ಅಕ್ಕಪಕ್ಕದವರ ಮುಂದೆ ತಲೆಯೆತ್ತಿ ತಿರುಗುವ ಹಾಗಿರಲಿಲ್ಲ. ಮಂಚದ ಕೆಳಗೆ ಕೂತು ನೋಡುತ್ತಿದ್ದ ಮಗಳಿಗೂ ಅದನ್ನೇ ಕಲಿಸಿದ್ದಳು. ಅಪ್ಪ ಕೈ ಎತ್ತಿದ ಕೂಡಲೇ ಆ ಮಗು ತನ್ನ ಮುಷ್ಟಿಯನ್ನು ತಾನೇ ಬಾಯಿಗೆ ತುರುಕಿಕೊಳ್ಳುತ್ತಿತ್ತು.

ಕೊನೆಗೊಂದು ದಿನ ಜ್ಯಾಕ್ ಜಾರಿ ಅವನ ಲಾರಿಯೇ ಅವನ ಎದೆಯ ಮೇಲೆ ಕೂತಿತು. ಎಳೆದು ಹೊರಗೆ ಹಾಕಿದಾಗ ಮುಖ ನೇರಳೆಯಾಗಿತ್ತು, ಬಾಯಿ ಗಾಳಿಗಾಗಿ ತೆರೆದೇ ಇತ್ತು. ಆಕೆ ಆ ತೆರೆದ ಬಾಯಿಯನ್ನು ಬಹಳ ಹೊತ್ತು ನೋಡಿ, ಕೈಯಾರೆ ಗದ್ದ ಒತ್ತಿ ಮುಚ್ಚಿ, ಮಗಳನ್ನು ಕರೆದುಕೊಂಡು ಮನೆಗೆ ಬಂದಳು.

ಹೊಟ್ಟೆಪಾಡಿಗೆ ಸೇರಿದ್ದು ಪ್ರಯೋಗಾಲಯದ ಮೊಲದ ಮನೆಗೆ. ಮುಂದಿನ ಕಟ್ಟಡವೆಲ್ಲ ಗಾಜು, ತಣ್ಣನೆಯ ಗಾಳಿ, ಬಿಳಿ ಕೋಟು. ಹಿಂದುಗಡೆ ತಗ್ಗು ಚಾವಣಿಯ ಉದ್ದನೆಯ ಕೋಣೆ, ಸಾಲುಸಾಲು ಕಬ್ಬಿಣದ ಗೂಡು, ಕಣ್ಣಲ್ಲಿ ನೀರು ತರಿಸುವ ಉಚ್ಚೆಯ ಘಾಟು. ಅಲ್ಲಿ ರಕ್ತ ತೆಗೆಯುವವನೊಬ್ಬನಿದ್ದ. ತೆಳ್ಳಗಿನ ಮನುಷ್ಯ, ಕಿವಿಯ ಹಿಂದೆ ಯಾವಾಗಲೂ ಒಂದು ಬೀಡಿ, ಹಚ್ಚುತ್ತಿದ್ದುದು ಮಾತ್ರ ಕೆಲಸ ಮುಗಿದ ಮೇಲೆ. ಅವನನ್ನು ಎಲ್ಲರೂ ಸೂಜಿಯಪ್ಪ ಎನ್ನುತ್ತಿದ್ದರು. ಆಕೆ ಮೊಲವನ್ನು ಹಿಡಿಯಬೇಕು, ಅವನು ಚುಚ್ಚಬೇಕು. ಅಷ್ಟೇ ಕೆಲಸ.

"ಇಷ್ಟೊಂದು ರಕ್ತ ಯಾಕಣ್ಣಾ?" ಎಂದು ಮೊದಲ ದಿನವೇ ಕೇಳಿದಳು.

"ಮುಂದುಗಡೆಯವರಿಗೆ ದೇಹದೊಳಗಿನ ಯಾವುದೋ ಒಂದು ಪ್ರೋಟೀನನ್ನ ಹುಡುಕಬೇಕಾಗಿರುತ್ತೆ. ಅದು ಕಣ್ಣಿಗೆ ಕಾಣೋದಲ್ಲ. ಅದನ್ನ ಚೂರು ಮೊಲಕ್ಕೆ ಚುಚ್ತೀವಿ. ಯಾವನೋ ಕಳ್ಳ ನುಗ್ಗಿದ ಅಂತ ಮೊಲದ ರಕ್ತ ಅವನನ್ನ ಹಿಡಿಯೋಕೆ ಒಬ್ಬ ಪೊಲೀಸ್ನ ತಯಾರು ಮಾಡುತ್ತೆ. ಅದಕ್ಕೇ ಆಂಟಿಬಾಡಿ ಅನ್ನೋದು. ಆ ಪೊಲೀಸ್ನ ನಾವು ರಕ್ತದ ಜೊತೆ ಎಳ್ಕೊಂಡು ಅವರಿಗೆ ಕೊಡ್ತೀವಿ. ಅವರು ಅವನನ್ನ ಬಿಟ್ಟು, ಕಳ್ಳ ಎಲ್ಲೇ ಅಡಗಿದ್ರೂ ಪತ್ತೆ ಮಾಡ್ತಾರೆ."

"ಮೊಲಕ್ಕೇನು ಸಿಗುತ್ತೆ?"

"ಹುಲ್ಲು."

ಹಿಡಿಯುವುದನ್ನೂ ಅವನೇ ಕಲಿಸಿದ. ದಪ್ಪ ಬಟ್ಟೆಯನ್ನು ಹಿಂದಿನಿಂದ ತಲೆಯ ಮೇಲೆ ಹಾಕಿ ಕಣ್ಣು ಮುಚ್ಚಬೇಕು. ಒಂದು ತೋಳು ಹೆಗಲ ಸುತ್ತ, ಇನ್ನೊಂದು ಕೈಯಲ್ಲಿ ಹಿಂಗಾಲು ಮಡಚಿ ಹೊಟ್ಟೆಗೆ ಒತ್ತಿ, ಇಡೀ ಮೈಯನ್ನು ತನ್ನ ಎದೆಗೆ ಅವಚಿಕೊಳ್ಳಬೇಕು. ಕೇಳಲು ಸುಲಭ. ಸೇರಿದ ಹೊಸತರಲ್ಲಿ ಒಂದು ದಪ್ಪ ಬಿಳಿ ಮೊಲ ಆಕೆಯ ತೋಳಲ್ಲಿ ಒದ್ದಾಡಿ ಒದ್ದಾಡಿ ಸುಸ್ತಾಗಿ ಹತ್ತಿಯ ಹಾಗೆ ಮೆತ್ತಗಾಯಿತು. ಪಾಪ, ಸಮಾಧಾನವಾಯಿತು ಎಂದು ಆಕೆ ಕೈ ಸಡಿಲ ಮಾಡಿದಳು. ಅಷ್ಟೇ. ಎರಡೂ ಹಿಂಗಾಲು ಒಟ್ಟಿಗೆ ಬೀಸಿ ಒದ್ದ ಹೊಡೆತಕ್ಕೆ ಒಣಗಿದ ಕಡ್ಡಿ ಮುರಿದ ಹಾಗೆ ಲಟಕ್ ಎಂದಿತು. ಮೊಲ ತನ್ನ ಬೆನ್ನನ್ನು ತಾನೇ ಮುರಿದುಕೊಂಡಿತ್ತು. ಕೆಳಗೆ ಬಿದ್ದು, ಮುಂಗಾಲಲ್ಲಿ ತನ್ನ ಅರ್ಧ ಮೈಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುತ್ತಾ ಅದು ಕೂಗಿತು. ಮಗುವೊಂದನ್ನು ಕೊಯ್ದರೆ ಹೇಗೋ ಹಾಗಿತ್ತು ಆ ಕೂಗು. ಸೂಜಿಯಪ್ಪ ಬಗ್ಗಿ, ಅದರ ಕುತ್ತಿಗೆ ಹಿಡಿದು, ಒಂದು ಸಲ ತಿರುವಿದ. ಕೋಣೆ ನಿಶ್ಶಬ್ದವಾಯಿತು.

ಆಕೆ ಗೋಡೆಗೆ ಒರಗಿ ನಿಂತಳು. ಅವನು ಬೈಯಲಿಲ್ಲ.

"ನೋಡಮ್ಮ, ಒದೆಯೋವಾಗ ಯಾರು ಬೇಕಾದ್ರೂ ಹಿಡೀತಾರೆ. ಒದೆಯೋದು ನಿಂತ ಮೇಲೆ ಹಿಡಿಯೋದೇ ಕೆಲಸ. ಮೆತ್ತಗಾಯ್ತು ಅಂತ ನಂಬಬೇಡ, ನಾಟಕ ಅದು. ಕಿರುಬೆರಳಲ್ಲಿ ಕಿವಿ ಮುಟ್ಟಿ ನೋಡು. ಹೆದರಿರೋ ಮೊಲದ ಕಿವಿ ತಣ್ಣಗಿರುತ್ತೆ. ಹೆದರಿಕೆ ಹೋದ್ರೆ ರಕ್ತ ಬಂದು ಬಿಸಿಯಾಗುತ್ತೆ. ಬಿಸಿಯಾದ ಮೇಲೆ ಬಿಡು. ಅಲ್ಲೀವರೆಗೂ ಆಕಾಶ ಕಳಚಿ ಬಿದ್ರೂ ಬಿಡಬೇಡ."

"ಹಂಗೆ ಕೂಗುತ್ತೆ ಅಂತ ಗೊತ್ತಿರ್ಲಿಲ್ಲಣ್ಣ."

"ಹುಟ್ಟಿದಾಗಿನಿಂದ ಬಾಯಿ ಬಿಡದೇ ಇರೋ ಪ್ರಾಣಿ. ಸಾವು ಬಂದಾಗ ಒಂದೇ ಒಂದು ಸಲ ಕೂಗುತ್ತೆ. ಕೂಗು ಕೇಳಿಸ್ತು ಅಂದ್ರೆ ಮುಗೀತು ಅಂತ ಲೆಕ್ಕ."

ಆ ಪಾಠ ಆಕೆಯ ತಲೆಯಲ್ಲಿ ನಿಂತಿತೋ ಇಲ್ಲವೋ, ಕೈಯಲ್ಲಂತೂ ನಿಂತಿತು. ವರ್ಷಗಟ್ಟಲೆ ಹಿಡಿದಳು. ಕಚ್ಚಿಸಿಕೊಂಡಳು, ಪರಚಿಸಿಕೊಂಡಳು, ಒಮ್ಮೆ ಮೂಗಿನ ಮೇಲೆ ಒದೆ ತಿಂದು ರಕ್ತ ಸುರಿಸಿಕೊಂಡೂ ಬಿಡಲಿಲ್ಲ. ಕಿವಿ ಬಿಸಿಯಾಗದೆ ಆಕೆಯ ತೋಳು ಸಡಿಲವಾದದ್ದನ್ನು ಆಮೇಲೆ ಯಾರೂ ಕಾಣಲಿಲ್ಲ.

ಇಷ್ಟರಲ್ಲಿ ಮಗಳು ದೊಡ್ಡವಳಾಗಿ ಹೊಲಿಗೆ ಕಲಿತಳು, ತಾನೇ ಮೆಚ್ಚಿದವನನ್ನು ಮದುವೆಯಾದಳು. ಅಳಿಯನದು ಟೈರಿನ ಅಂಗಡಿಯಲ್ಲಿ ಕೆಲಸ. ಲಾರಿಯ ಚಕ್ರವನ್ನು ಒಂಟಿ ಕೈಯಲ್ಲಿ ಉರುಳಿಸುವ ಆಳು. ಇಬ್ಬರೂ ಮೊಲದಕ್ಕನ ಮನೆಯ ಮುಂಭಾಗದಲ್ಲೇ ಸಂಸಾರ ಹೂಡಿದರು. ಆಕೆ ಹಿಂದಿನ ಕೋಣೆಗೆ ಸರಿದಳು. ನಡುವೆ ಇದ್ದದ್ದು ಒಂದಿಟ್ಟಿಗೆಯ ಗೋಡೆ. ಆ ಕಡೆ ಚಮಚ ಬಿದ್ದರೂ ಈ ಕಡೆ ಕೇಳಿಸುತ್ತಿತ್ತು.

ಅಳಿಯ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುವವನಲ್ಲ. ಅವನ ಕಣ್ಣೆಲ್ಲ ಕುತ್ತಿಗೆಯ ಮೇಲೆ. ಊಟ ತಡವಾದರೆ, ಹೊಲಿಸಲು ಬಂದವರ ಜೊತೆ ಮಗಳು ನಕ್ಕರೆ, ಕೆಲವು ಸಲ ಏನೂ ಇಲ್ಲದಿದ್ದರೂ, ಅವನು ಬಾಗಿಲು ಹಾಕಿ, "ಗಾಳಿ ಜಾಸ್ತಿಯಾಗಿದೆ ನಿಂಗೆ. ಸ್ವಲ್ಪ ತೆಗೀಬೇಕು," ಎನ್ನುತ್ತಿದ್ದ. ಗೋಡೆಗೆ ಒತ್ತಿ, ಎರಡೂ ಹೆಬ್ಬೆರಳು ಗಂಟಲ ಗುಳಿಗೆ ಇಟ್ಟು, ಕಣ್ಣು ಮೇಲೆ ಸಿಕ್ಕುವವರೆಗೆ ಅದುಮುತ್ತಿದ್ದ. ಬಿಡುತ್ತಿದ್ದ. ಅವಳು ಉಸಿರೆಳೆದುಕೊಂಡ ಕೂಡಲೇ ಮತ್ತೆ ಅದುಮುತ್ತಿದ್ದ. ಗೋಡೆಯ ಈ ಕಡೆ ಮೊಲದಕ್ಕನಿಗೆ ಕೇಳಿಸುತ್ತಿದ್ದುದು ಹಿಮ್ಮಡಿ ಗೋಡೆಗೆ ಬಡಿಯುವ ಸದ್ದು ಮಾತ್ರ. ಮಗಳ ಬಾಯಿಂದ ಸದ್ದಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಳು.

ಒಂದೆರಡು ಸಲ ಆಕೆ ಹೋಗಿ ಬಾಗಿಲು ತಟ್ಟಿದ್ದಳು. ಅಳಿಯ ಬಾಗಿಲು ತೆಗೆದು, "ಏನತ್ತೆ? ನಿಮ್ಮ ಮೊಲಗಳು ಕ್ಷೇಮವಾ?" ಎಂದು ನಕ್ಕು, ಆಕೆಯ ಮುರಿದ ಹೆಗಲ ಮೇಲೆಯೇ ಕೈ ಇಟ್ಟು ನೂಕಿದ. ಆಕೆ ಅಂಗಳದಲ್ಲಿ ಬಿದ್ದಳು.

ಮಗಳು ಕುತ್ತಿಗೆಗೆ ಸ್ಕಾರ್ಫ್ ಸುತ್ತಿಕೊಳ್ಳಲು ಶುರುಮಾಡಿದಳು. ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆಗಳು ಎದ್ದವು. ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂತವಳ ಸ್ಕಾರ್ಫನ್ನು ತಾಯಿ ಸರಿಸಿ ನೋಡಿದಳು. ನೀಲಿ, ಹಳದಿ, ಕಪ್ಪು. ಹೆಬ್ಬೆರಳಿನ ಗುರುತು ಮುದ್ರೆ ಒತ್ತಿದ ಹಾಗಿತ್ತು.

"ಬಾಯಿ ಬಿಡಬೇಡ ಕಣೇ. ಕೂಗಿದ್ರೆ ಹೆಚ್ಚಾಗುತ್ತೆ. ಕಾಲ ಕಳೆದ ಹಾಗೆ ಸರಿಹೋಗ್ತಾನೆ. ನಾನು ಬಾಳಿಲ್ವಾ?"

"ನೀನು ಬಾಳಿದ್ದು ಅಪ್ಪ ಸತ್ತ ಮೇಲೆ," ಎಂದಳು ಮಗಳು ಬಟ್ಟೆಯಿಂದ ಕಣ್ಣೆತ್ತದೆ. ಆಗಲೇ ಅವಳ ದನಿ ಒಡೆದಿತ್ತು.

ಮೊಲದಕ್ಕ ಸ್ಕಾರ್ಫನ್ನು ಮತ್ತೆ ಸುತ್ತಿದಳು. ಆವತ್ತಿನಿಂದ ಗೋಡೆಯ ಪಕ್ಕ ಕೂರುವುದು, ಕೇಳುವುದು, ಇದೇ ಆಯಿತು. ಕಾಯುತ್ತಿದ್ದುದು ಏನನ್ನು ಎಂದು ಆಕೆಗೇ ತಿಳಿಯದು. ಮಗಳು ಬದುಕಿ ಉಳಿದರೆ ಸಾಕು ಎನ್ನುವುದೊಂದು ಬಿಟ್ಟು ಆಕೆಯ ಮನಸ್ಸಿನಲ್ಲಿ ಬೇರೇನೂ ಉಳಿದಿರಲಿಲ್ಲ.

ಆ ದಿನಗಳಲ್ಲೇ ಮುಂದಿನ ಕಟ್ಟಡದ ಡಾಕ್ಟರಮ್ಮ ಮೊಲದ ಮನೆಗೆ ಓಡಾಡತೊಡಗಿದಳು. ಸಣ್ಣ ವಯಸ್ಸು, ದೊಡ್ಡ ಕನ್ನಡಕ, ಘಾಟಿಗೆ ಮೂಗು ಮುಚ್ಚಿಕೊಳ್ಳದ ಹೆಂಗಸು. ಅವಳಿಗೆ ಹೊಸದೊಂದು ಆಂಟಿಬಾಡಿ ಬೇಕಿತ್ತು. ಈ ಸಲದ ಕಳ್ಳ ಯಾರು ಎಂದು ಮೊಲದಕ್ಕ ಕೇಳಿದಾಗ ಹುಲ್ಲಿನ ಮೂಟೆಯ ಮೇಲೆ ಕೂತು ಹೇಳಿದಳು.

"ಜೀವಕೋಶ ಅಂದ್ರೆ ಒಂದು ಮನೆ ಅಂದ್ಕೊಳಿ. ಅದರೊಳಗೆ ಒಬ್ಬ ಕೂಗುಗಾರ ಇದ್ದಾನೆ. 'ಉಸಿರಿಲ್ಲ, ಉಸಿರಿಲ್ಲ' ಅಂತ ಕೂಗಿ ಮನೆಮಂದಿಯನ್ನೆಲ್ಲ ಎಬ್ಬಿಸೋದು ಅವನ ಕೆಲಸ. ಜೊತೆಗೆ ಒಬ್ಬ ಕಾವಲುಗಾರನೂ ಇದ್ದಾನೆ. ಆಮ್ಲಜನಕ ಇದೆಯೋ ಇಲ್ವೋ ಅಂತ ಗೊತ್ತಾಗೋದು ಈ ಕಾವಲುಗಾರನಿಗೆ. ಆಮ್ಲಜನಕ ಇರೋ ತನಕ, ಕೂಗುಗಾರ ಹುಟ್ಟಿದ ಹುಟ್ಟಿದ ಹಾಗೇ ಇವನು ಗುರುತು ಹಾಕಿ ಸಾಯೋಕೆ ಕಳಿಸಿಬಿಡ್ತಾನೆ."

"ಅಯ್ಯೋ, ಯಾಕಂತೆ?"

"ಸುಮ್ಸುಮ್ನೆ ಕೂಗಬಾರದಲ್ಲ. ಆದರೆ ಆಮ್ಲಜನಕ ಹೋದ್ರೆ ಕಾವಲುಗಾರನ ಕೈ ತಾನಾಗಿ ನಿಂತುಹೋಗುತ್ತೆ. ಕೂಗುಗಾರ ಬದುಕಿಕೊಂಡು ಕೂಗ್ತಾನೆ. ನನಗೆ ಬೇಕಾಗಿರೋದು ಆ ಕಾವಲುಗಾರ. ಅವನೊಬ್ಬನನ್ನೇ ಹಿಡಿಯೋ ಆಂಟಿಬಾಡಿ."

"ಸಿಕ್ಕಸಿಕ್ಕವರನ್ನೆಲ್ಲ ಹಿಡಿದು ಒಳಗೆ ಹಾಕೋ ಪೊಲೀಸ್ ಬೇಡ ಅಂತೀರಿ," ಎಂದ ಸೂಜಿಯಪ್ಪ.

"ಅಷ್ಟೇ."

"ಅಂಥ ಪೊಲೀಸ್ ಹೊರಗಡೆಯೇ ಸಿಗಲ್ಲ, ಮೊಲದ ಹೊಟ್ಟೇಲಿ ಹುಡುಕ್ತಾ ಇದೀರಲ್ಲ ತಾಯಿ."

ಡಾಕ್ಟರಮ್ಮ ನಕ್ಕಳು. ಮೊಲದಕ್ಕ ನಗಲಿಲ್ಲ. ಹುಟ್ಟಿದ ಹಾಗೇ ಸಾಯುವ ಕೂಗು ಆಕೆಯ ಗಂಟಲಲ್ಲೇ ಎಷ್ಟಿದ್ದವೋ.

ಸೂಜಿಯಪ್ಪ ಹೇಳಿದಂತೆಯೇ ಆಯಿತು. ಒಂದೊಂದು ಮೊಲದ ರಕ್ತವೂ ಕಂಡಕಂಡದ್ದಕ್ಕೆಲ್ಲ ಅಂಟಿಕೊಂಡಿತು. ಡಾಕ್ಟರಮ್ಮ ಸೋತ ಮುಖ ಹೊತ್ತು ಬರುವಳು, ಹೊಸ ಮೊಲಕ್ಕೆ ಚುಚ್ಚಿಸುವಳು, ಹೋಗುವಳು. ಕೊನೆಗೆ ಚುಚ್ಚದೆ ಉಳಿದದ್ದು ಸೊಟ್ಟಕಿವಿ ಎಂಬ ಹೆಣ್ಣು ಮೊಲ. ಅದರ ಒಂದು ಕಿವಿ ಹುಟ್ಟುವಾಗಲೇ ಮಡಚಿಕೊಂಡಿತ್ತು. ಮಹಾ ಜಗಳಗಂಟಿ. ಸೂಜಿಯಪ್ಪನ ಹೆಬ್ಬೆರಳನ್ನು ಮೂಳೆ ಕಾಣುವ ಹಾಗೆ ಕಚ್ಚಿತ್ತು, ಪಕ್ಕದ ಗೂಡಿನ ಮೊಲದ ಮುಖವನ್ನು ಸರಳಿನ ಸಂದಿಯಿಂದಲೇ ಹರಿದುಹಾಕಿತ್ತು. ಮೊಲದಕ್ಕನ ತೋಳಲ್ಲಿ ಮಾತ್ರ ಅದರ ನೆಟ್ಟಗಿನ ಕಿವಿ ಬೇಗ ಬಿಸಿಯಾಗುತ್ತಿತ್ತು. "ನನ್ನ ಹೊಟ್ಟೇಲಿ ಹುಟ್ಟಬೇಕಾಗಿತ್ತು ಕಣೇ ನೀನು, ನನ್ನ ಬಾಳು ಬೇರೆ ಥರ ಇರ್ತಿತ್ತು," ಎಂದು ಆಕೆ ಅದಕ್ಕೆ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ಡಾಕ್ಟರಮ್ಮ ಕೈಯಲ್ಲಿ ಎಕ್ಸ್‌ರೇಯಂಥ ಒಂದು ಫಿಲ್ಮು ಹಿಡಿದು ಓಡಿಬಂದಳು. ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ತಿಳಿ ಬೂದು ಹಾಳೆಯ ನಡುವೆ ಒಂದೇ ಒಂದು ಕಪ್ಪು ಗೆರೆ.

"ಸಿಕ್ಕಿಬಿಟ್ಟ! ಕಾವಲುಗಾರ ಒಬ್ಬನೇ, ಬೇರೆ ಯಾರೂ ಇಲ್ಲ. ಸೊಟ್ಟಕಿವಿದು!"

ಮೊಲದಕ್ಕನೂ ಹಿಗ್ಗಿದಳು. ಆ ಹಿಗ್ಗು ಊಟದ ಹೊತ್ತಿನವರೆಗೂ ಇರಲಿಲ್ಲ. ಒಳ್ಳೆಯ ರಕ್ತ ಸಿಕ್ಕಿದರೆ ಚೂರುಚೂರು ತೆಗೆದು ಕಾಯುವುದಿಲ್ಲ. ಮೊಲ ಯಾವಾಗ ಕಾಯಿಲೆ ಬೀಳುತ್ತದೋ, ಆಂಟಿಬಾಡಿ ಯಾವಾಗ ತೆಳ್ಳಗಾಗುತ್ತದೋ ಯಾರಿಗೆ ಗೊತ್ತು. ಮದ್ದು ಕೊಟ್ಟು ಮತ್ತೇರಿಸಿ, ಹೃದಯಕ್ಕೆ ಸೂಜಿ ಇಳಿಸಿ, ಇರುವಷ್ಟನ್ನೂ ಒಂದೇ ಸಲ ಎಳೆದುಬಿಡಬೇಕು. ಕೆಟ್ಟ ರಕ್ತದ ಮೊಲಗಳು ಗೂಡಿನಲ್ಲಿ ಹುಲ್ಲು ತಿನ್ನುತ್ತಾ ಉಳಿದವು. ಸೊಟ್ಟಕಿವಿಗೆ ಆ ಮಧ್ಯಾಹ್ನವೇ ಆಜ್ಞೆ ಬಂತು.

ಮತ್ತಿನ ಮದ್ದು ಚುಚ್ಚಿಯಾಯಿತು. ಸೊಟ್ಟಕಿವಿ ಆಕೆಯ ಎದೆಗೊರಗಿ ಮೆತ್ತಗಾಯಿತು. ಸೂಜಿಯಪ್ಪ ಕಾಲ್ಬೆರಳು ಚಿವುಟಿ ನೋಡಿದ. ಅಲುಗಲಿಲ್ಲ.

"ಆಯ್ತು, ಮಲಗಿಸು."

"ತಾಳಣ್ಣ. ಕಿವಿ ಇನ್ನೂ ತಣ್ಣಗಿದೆ."

"ಮದ್ದಿಗೆ ಕಿವಿ ಗಿವಿ ನೋಡ್ಕೊಂಡು ಕೂರ್ತಾರಾ? ಮುಂದ್ಗಡೆ ರಕ್ತ ಇಡೋ ಐಸು ಕರಗ್ತಾ ಇದೆ ಅಂತ ಬಡ್ಕೋತಾ ಇದಾರೆ. ಮಲಗಿಸು."

ಮಲಗಿಸಿದಳು. ಪಕ್ಕೆಲುಬಿನ ನಡುವೆ ಸೂಜಿ ಇಳಿದದ್ದೇ ತಡ, ಸತ್ತಂತೆ ಬಿದ್ದಿದ್ದ ಮೊಲ ಇಡೀ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಎದ್ದು ಕೂಗಿತು. ಒಂದೇ ಕೂಗು, ಕೋಣೆಯ ಗೂಡುಗೂಡಿನಲ್ಲೂ ಮೊಲಗಳು ಕಾಲು ಬಡಿದವು. ಸೂಜಿ ಒಳಗೇ ಬಾಗಿತು, ರಕ್ತ ಸೂಜಿಯಪ್ಪನ ಕನ್ನಡಕಕ್ಕೆ ಚಿಮ್ಮಿತು. "ಹಿಡಿ, ಹಿಡಿ, ಬಿಡಬೇಡ!" ಎಂದು ಅವನು ಅರಚಿದ. ಆಕೆ ಮೈಮೇಲೆ ಬಿದ್ದು ಅವುಕಿ ಹಿಡಿದಳು. ಅವನು ಇನ್ನೊಂದು ಸೂಜಿ ಚುಚ್ಚಿ ಎಳೆದ. ಗಾಜಿನ ಕೊಳವೆಗಳು ಒಂದಾದ ಮೇಲೊಂದು ತುಂಬಿದವು. ಆಕೆಯ ಕಿರುಬೆರಳ ಕೆಳಗಿನ ಕಿವಿ ಕೊನೆಯವರೆಗೂ ಬಿಸಿಯಾಗಲಿಲ್ಲ.

"ನಾಟಕ ಆಡಿತ್ತು ಮುಂಡೇದು," ಎಂದ ಅವನು ಕನ್ನಡಕ ಒರೆಸಿಕೊಳ್ಳುತ್ತಾ. ಕಿವಿಯ ಹಿಂದಿನ ಬೀಡಿ ತೆಗೆದವನು ಹಚ್ಚದೆ ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

ಆಕೆ ತೋಳು ತೊಳೆದುಕೊಂಡು ಮನೆಗೆ ನಡೆದಳು. ಇನ್ನೂ ಬಿಸಿಲಿತ್ತು. ಬೀದಿಯಲ್ಲಿ ಬಸ್ಸು ಹಾರ್ನ್ ಹಾಕಿದರೂ ಆಕೆಗೆ ಕೇಳಿಸುತ್ತಿದ್ದುದು ಆ ಕೂಗೇ. ಮನೆಗೆ ಬಂದು ಹಿಂದಿನ ಕೋಣೆಯಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಗೋಡೆಯ ಆ ಕಡೆಯಿಂದ ಮತ್ತೊಂದು ಕೂಗು ಬಂತು.

ಇದು ಮಗಳದು. ಮಂಚದ ಕೆಳಗೆ ಮುಷ್ಟಿ ಕಚ್ಚಿಕೊಂಡು ಬೆಳೆದವಳು, ಮದುವೆಯಾದ ಮೇಲೆ ಒಮ್ಮೆಯೂ ಸೊಲ್ಲೆತ್ತದವಳು ಕೂಗಿದಳು. ಒಂದೇ ಸಲ. ನಡುವೆಯೇ ಕತ್ತರಿಸಿದಂತೆ ನಿಂತಿತು. ಬೀದಿಯವರ ಕಿವಿಗೂ ಬಿದ್ದಿರಬೇಕು, ಯಾರೂ ಬರಲಿಲ್ಲ. ಮೊಲದಕ್ಕನಿಗೆ ಮಾತ್ರ ಆ ಕೂಗಿನ ಅರ್ಥ ಗೊತ್ತಿತ್ತು.

ಆಕೆ ಸುತ್ತಿ ಬಂದು ಬಾಗಿಲಿಗೆ ಭುಜ ಕೊಟ್ಟಳು. ಚಿಲಕ ಕಿತ್ತುಬಂತು. ಮಗಳು ನೆಲದ ಮೇಲಿದ್ದಳು, ಅಳಿಯ ಅವಳ ಹೊಟ್ಟೆಯ ಮೇಲೆ ಕೂತಿದ್ದ, ಬಾಗಿಲಿಗೆ ಬೆನ್ನು ಹಾಕಿದ್ದ. ಈ ಸಲ ಹೆಬ್ಬೆರಳಲ್ಲ. ಹೊಲಿಗೆ ಯಂತ್ರದ ಚರ್ಮದ ಪಟ್ಟಿಯನ್ನು ಕುತ್ತಿಗೆಗೆ ಸುತ್ತಿ ಎರಡೂ ತುದಿ ಎಳೆಯುತ್ತಿದ್ದ. ಮಗಳ ಮುಖ ನೇರಳೆ. ಬಾಯಿ ತೆರೆದಿತ್ತು. ಆ ಬಾಯಿಯನ್ನು ಆಕೆ ಹಿಂದೊಮ್ಮೆ ನೋಡಿದ್ದಳು, ಲಾರಿಯ ಕೆಳಗಿನಿಂದ ಎಳೆದು ಹಾಕಿದವನಲ್ಲಿ.

ಯಂತ್ರದ ಮೇಲೆ ಅರ್ಧ ಹೊಲಿದ ಸೋಫಾದ ದಪ್ಪ ಬಟ್ಟೆ ಜೋತುಬಿದ್ದಿತ್ತು. ಆಕೆ ಅದನ್ನು ಎಳೆದುಕೊಂಡು ಹಿಂದಿನಿಂದ ಅವನ ತಲೆಯ ಮೇಲೆ ಹಾಕಿ, ಕಣ್ಣು ಮುಚ್ಚಿ, ತೋಳು ಸುತ್ತಿ, ತನ್ನ ಎದೆಗೆ ಎಳೆದುಕೊಂಡಳು. ಯೋಚಿಸಿ ಮಾಡಿದ್ದಲ್ಲ. ಇಬ್ಬರೂ ಹಿಂದಕ್ಕೆ ಬಿದ್ದರು. ಬೆನ್ನು ಗೋಡೆಗೆ ತಾಗಿತು. ಆಕೆ ಅಲ್ಲೇ ಕೂತು ಕಾಲುಗಳನ್ನು ಅವನ ಸೊಂಟದ ಸುತ್ತ ಹೆಣೆದು, ಅವನ ಕೈಗಳನ್ನು ಬಟ್ಟೆಯೊಳಗೇ ಅವುಕಿದಳು.

ಅವನು ಒದ್ದ. ಹೊಲಿಗೆ ಯಂತ್ರ ಉರುಳಿ ಅದರ ಕಬ್ಬಿಣದ ಕಾಲು ಆಕೆಯ ಮೊಣಕಾಲಿಗೆ ಅಪ್ಪಳಿಸಿತು. ಕನ್ನಡಿ ಚೂರಾಯಿತು. ತಲೆಯನ್ನು ಹಿಂದಕ್ಕೆ ಬೀಸಿ ಆಕೆಯ ಬಾಯಿಗೆ ಗುದ್ದಿದ, ತುಟಿ ಒಡೆದು ರಕ್ತ ಬಟ್ಟೆಗೆ ಇಳಿಯಿತು. ಬಟ್ಟೆಯ ಮೇಲಿನಿಂದಲೇ ತೋಳನ್ನು ಕಚ್ಚಿದ. ಹಳೆಯ ಹೆಗಲೆಲುಬು ಮತ್ತೆ ಲಟಕ್ ಎಂದಿತು. ಕಣ್ಣು ಕತ್ತಲೆ ಬಂತು, ಆದರೂ ಬಿಡಲಿಲ್ಲ. "ಮುದ್ಕಿ, ಸಾಯಿಸ್ತೀನಿ, ಇಬ್ಬರನ್ನೂ ಸಾಯಿಸ್ತೀನಿ," ಎಂಬ ಅವನ ಮಾತು ಬಟ್ಟೆಯೊಳಗೆ ಗುರುಗುಟ್ಟಿತು.

ಆಮೇಲೆ ಒದೆತ ನಿಂತಿತು. ಅಷ್ಟು ದೊಡ್ಡ ಮೈ ಹತ್ತಿಯ ಮೂಟೆಯಂತೆ ಆಕೆಯ ಮೇಲೆ ಒರಗಿತು.

ಮಗಳು ಪಟ್ಟಿಯನ್ನು ಬಿಡಿಸಿಕೊಂಡು, ಕೆಮ್ಮಿ, ವಾಂತಿ ಮಾಡಿ, ಅಂಬೆಗಾಲಲ್ಲಿ ಬಂದು ತಾಯಿಯ ಕೈ ಎಳೆದಳು. ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. "ಬಿಡು," ಎಂದು ತುಟಿ ಅಲುಗಿತು. "ಅಮ್ಮಾ, ಬಿಡು."

"ಸುಮ್ನಿರೇ. ಈಗ ಬಿಟ್ರೆ ಒದ್ದು ಬೆನ್ನು ಮುರ್ಕೊಳ್ಳುತ್ತೆ."

ಆಕೆ ಬಟ್ಟೆಯ ಅಂಚಿನಿಂದ ಕಿರುಬೆರಳು ತೂರಿಸಿ ಅವನ ಕಿವಿ ಮುಟ್ಟಿದಳು. ಬೆವರಿನಿಂದ ಒದ್ದೆಯಾಗಿತ್ತು, ತಣ್ಣಗಿತ್ತು. ಮಧ್ಯಾಹ್ನದ್ದು ನೆನಪಾಯಿತು. ನಾಟಕ. ತೋಳು ಇನ್ನೂ ಬಿಗಿಯಾಯಿತು. ಮಗಳು ಆ ತೋಳನ್ನು ಪರಚಿದಳು, ಹಳೆಯ ಗೀರುಗಳ ಮೇಲೆ ಹೊಸ ಗೀರು ಎದ್ದವು. ಆಕೆ ಕಣ್ಣು ಮುಚ್ಚಿ, ಕಿರುಬೆರಳನ್ನು ಅಲ್ಲೇ ಇಟ್ಟುಕೊಂಡು, ಕಿವಿ ಬಿಸಿಯಾಗಲೆಂದು ಕಾದಳು. ಕಾದಷ್ಟೂ ಅದು ತಣ್ಣಗಾಗುತ್ತಾ ಹೋಯಿತು.

ಪೊಲೀಸರು ಬಂದು ಇಬ್ಬರು ಸೇರಿ ಆಕೆಯ ತೋಳು ಬಿಡಿಸಿದರು. ಬಿಡಿಸಲು ಅವರಿಗೂ ಬಹಳ ಹೊತ್ತು ಹಿಡಿಯಿತು.

ನ್ಯಾಯಾಲಯದಲ್ಲಿ ಸರ್ಕಾರಿ ವಕೀಲ ಕೇಳಿದ: "ಮಗಳ ಜೀವ ಉಳೀತು. ಅವನು ಒದ್ದಾಡೋದು ನಿಂತಿತ್ತು. ಮಗಳೇ ಬಿಡು ಅಂತ ಬೇಡಿಕೊಂಡಳು. ಯಾಕೆ ಬಿಡಲಿಲ್ಲ?"

"ಕಿವಿ ಬಿಸಿಯಾಗ್ಲಿಲ್ಲ ಸ್ವಾಮಿ."

ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂದರು.

"ಮನುಷ್ಯನಿಗೆ ಉಸಿರು ಬೇಕು ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ನನ್ನ ಮಗಳಿಗೂ ಬೇಕಾಗಿತ್ತು."

ಸೂಜಿಯಪ್ಪ ಸಾಕ್ಷಿಗೆ ಬಂದ. ಮಡಚಿದ ಕೋಟೊಂದನ್ನು ಎದೆಗೆ ಅವಚಿಕೊಂಡು ಹಿಡಿತ ತೋರಿಸಿದ. "ಕಲಿಸಿದ್ದು ನಾನೇ. ಮೊಲಕ್ಕೆ ಅಂತ ಕಲಿಸಿದ್ದೆ," ಎಂದು ಹೇಳಿ ಅಲ್ಲೇ ಅತ್ತುಬಿಟ್ಟ. ಆಮೇಲೆ ಮಗಳು ಕಟಕಟೆ ಹತ್ತಿದಳು. ಒಳಗೆ ಏನೋ ಜಜ್ಜಿಹೋಗಿ ಅವಳ ದನಿ ತುಕ್ಕು ಹಿಡಿದ ಬಾಗಿಲಿನಂತಾಗಿತ್ತು. ನ್ಯಾಯಾಧೀಶರು ಮುಂದಕ್ಕೆ ಬಾಗಿ ಕೇಳಬೇಕಾಯಿತು. ಕೊಲೆಗೆ ಕೊಡುವ ಶಿಕ್ಷೆಯೋ, ಕಡಿಮೆಯೋ ಎಂಬುದು ಆ ದನಿಯ ಮೇಲೆ ನಿಂತಿತ್ತು.

"ನಮ್ಮಮ್ಮ ಅವನನ್ನ ಸಾಯಿಸ್ತೀನಿ ಅನ್ನಲಿಲ್ಲ. ಬಿಟ್ರೆ ಒದ್ದು ಬೆನ್ನು ಮುರ್ಕೊಳ್ಳುತ್ತೆ ಅಂದ್ರು. ಅವನ ಬೆನ್ನು." ಅವಳು ಉಸಿರು ತೆಗೆದುಕೊಂಡಳು. "ನನ್ನ ಕತ್ತು ಹಿಡಿದವನ ಬೆನ್ನಿಗೆ ಏನಾಗುತ್ತೋ ಅಂತ ಹೆದರಿಕೊಂಡಿದ್ರು."

ಈ ಸಲ ಯಾರೂ ನಗಲಿಲ್ಲ. ಶಿಕ್ಷೆ ಕಡಿಮೆಯದ್ದೇ ಆಯಿತು. ಆದರೂ ಜೈಲು ಜೈಲೇ.

ಅಲ್ಲಿ ಮೊದಲ ವಾರವೇ ಒಬ್ಬಳು ಚಾಪೆಯ ಜಾಗಕ್ಕೆ ಆಕೆಯ ಕೂದಲು ಹಿಡಿದು ಗೋಡೆಗೆ ಬಡಿದಳು. ಆಕೆಯ ಕೇಸು ಏನೆಂದು ತಿಳಿದ ಮೇಲೆ ಅವಳೇ ತನ್ನ ಚಾಪೆ ಬಿಟ್ಟುಕೊಟ್ಟು ಪಿಸುಗುಟ್ಟಿದಳು: "ನಿಜ ಹೇಳಕ್ಕ, ಬೇಕಂತಲೇ ತಾನೆ ಬಿಡದೇ ಇದ್ದಿದ್ದು?"

"ಕೈಗೆ ಗೊತ್ತು. ನನಗೆ ಹೇಳಿಲ್ಲ," ಎಂದಳು ಮೊಲದಕ್ಕ.

ಒಮ್ಮೆ ಡಾಕ್ಟರಮ್ಮ ನೋಡಲು ಬಂದಳು. ಸರಳಿನ ಆಚೆ ನಿಂತು, ಸೊಟ್ಟಕಿವಿಯ ಆಂಟಿಬಾಡಿ ಇನ್ನೂ ಫ್ರೀಜರಿನಲ್ಲಿದೆ, ಸಣ್ಣ ಸಣ್ಣ ಕೊಳವೆಗಳಲ್ಲಿ ದೂರದೂರದ ಊರುಗಳಿಗೆ ಕೇಳಿ ತರಿಸಿಕೊಳ್ಳುತ್ತಾರೆ ಎಂದಳು. ಮೊಲದಕ್ಕ ಸರಳಿನ ಹತ್ತಿರಕ್ಕೆ ಸರಿದಳು.

"ಆ ಕಾವಲುಗಾರ ಇದ್ದಾನಲ್ಲಮ್ಮ. ಉಸಿರು ನಿಂತ್ರೆ ಅವನ ಕೈ ತಾನಾಗಿ ನಿಲ್ಲುತ್ತೆ ಅಂದಿದ್ರಿ."

"ಹೌದು."

"ಕಿವಿ ಗಿವಿ ಮುಟ್ಟಿ ನೋಡದೇನೇ?"

"ನೋಡದೇನೇ."

"ನನಗಿಂತ ವಾಸಿ."

ಬಿಡುಗಡೆಯ ದಿನ ಮಗಳು ಆಟೋ ತಂದಿದ್ದಳು. ಮೊಲದಕ್ಕ ಗೇಟಿನಿಂದ ಹೊರಬರುವಾಗ ಅವಳು ಆಟೋದವನ ಜೊತೆ ಜಗಳಕ್ಕೆ ನಿಂತಿದ್ದಳು. ಕಾಯುವುದಿಲ್ಲವೆಂದು ಅವನು ಏನೋ ಅಂದಿದ್ದನಂತೆ. ಕುತ್ತಿಗೆಯಲ್ಲಿ ಸ್ಕಾರ್ಫಿರಲಿಲ್ಲ, ಪಟ್ಟಿಯ ಗುರುತು ಎಲ್ಲರಿಗೂ ಕಾಣುವಂತಿತ್ತು. ಆ ತುಕ್ಕು ಹಿಡಿದ ದನಿಯನ್ನು ಅವಳು ಎಷ್ಟು ಎತ್ತರಿಸಿದ್ದಳೆಂದರೆ ರಸ್ತೆಯ ಆಚೆ ಬದಿಯವರೂ ನಿಂತು ನೋಡುತ್ತಿದ್ದರು. ಕಾವಲಿನ ಪೊಲೀಸನೂ ನೋಡುತ್ತಿದ್ದ.

"ಮೆಲ್ಲಗೆ ಮಾತಾಡೇ," ಎಂದು ತಾಯಿಯ ಬಾಯಿಂದ ಹಳೆಯ ಅಭ್ಯಾಸಕ್ಕೆ ಹೊರಟೇಬಿಟ್ಟಿತು. "ಯಾರಾದ್ರೂ ಕೇಳಿಸ್ಕೊಂಡಾರು."

ಮಗಳು ಫಕ್ಕನೆ ಬಾಯಿ ಮುಚ್ಚಿದಳು. ಚಿಕ್ಕಂದಿನ ಹಾಗೆಯೇ ಅವಳ ಮುಷ್ಟಿ ಅರ್ಧದಷ್ಟು ಮೇಲೆದ್ದಿತ್ತು.

ಮೊಲದಕ್ಕ ಆ ಮುಷ್ಟಿಯನ್ನು ಹಿಡಿದು ಕೆಳಗಿಳಿಸಿದಳು. ಇಳಿಸಿದ ಕೂಡಲೇ ಕೈ ಬಿಟ್ಟಳು.

"ಇಲ್ಲ ಕಣೇ, ಮರೆತು ಅಂದೆ. ಕೂಗು. ಏನಂದ ಅವನು? ಇನ್ನೊಂದ್ಸಲ ಜೋರಾಗಿ ಕೇಳು."